ನಿಧಾನ ಯಾರದ್ದು? ‘ಕನ್ನಡಿಗರ ಕರ್ಮಕಥೆ’ ಓದಿ ನಾವು ಕಲಿತದ್ದು

ಕಳೆದ ಸೆಮ್‌ನಲ್ಲಿ ನಮ್ಮ ಕನ್ನಡ ಸಂಘದ ಓದು ಬಳಗ ಶುರುವಾದಾಗ ಹನ್ನೊಂದು ಜನ ಇದ್ದೆವು. ಪುಸ್ತಕ ಮುಗಿಯುವ ಹೊತ್ತಿಗೆ ಉಳಿದದ್ದು ಮೂರೇ ಜನ. ಆ ಮೂವರು ನಾವೇ. ಉಳಿದ ಎಂಟು ಜನ ಬೇರೆ ಬೇರೆ ವಾರಗಳಲ್ಲಿ ಗ್ರೂಪ್‌ನಿಂದ ಮೆಲ್ಲಗೆ ಜಾರಿಕೊಂಡರು. ಇಂಟರ್ನಲ್ಸ್ ಇದೆ, ಲ್ಯಾಬ್ ರೆಕಾರ್ಡ್ ಬಾಕಿ ಇದೆ ಅಂತ ಕಾರಣ ಕೊಟ್ಟರು. ಒಬ್ಬ ಮಾತ್ರ ನೇರವಾಗಿ ಹೇಳಿದ: “ಬೋರ್ ಆಯ್ತು ಕಣ್ರೋ. ನಲವತ್ತು ಪುಟ ಆದ್ರೂ ಏನೂ ಆಗ್ತಾ ಇಲ್ಲ.”

ಸಂಘದ ಮೀಟಿಂಗ್‌ನಲ್ಲಿ ಪ್ರಶ್ನೆ ಬಂತು. ಹಳೆಯ ಕಾಲದ ಕನ್ನಡ ಕಾದಂಬರಿ ಓದೋದನ್ನೇ ನಿಲ್ಲಿಸಿ, ಇಂಗ್ಲಿಷ್ ಥ್ರಿಲ್ಲರ್‌ಗಳ ಬಗ್ಗೆ ಕನ್ನಡದಲ್ಲಿ ಮಾತಾಡೋಣವಾ? ಓಟು ಹಾಕೋ ಮೊದಲು ಯಾಕೆ ಹೀಗಾಯ್ತು ಅಂತ ಒಂದು ವರದಿ ಕೊಡಿ ಅಂದರು. ಇದು ಆ ವರದಿ. ಮುಂದೆ ಇಂಥ ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಪಾಠದ ಹಾಗೂ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇವೆ.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಪುಸ್ತಕ ನಮಗೂ ನಿರಾಸೆ ಮಾಡಿತು. ಆದರೆ “ನಿಧಾನ” ಅನ್ನೋ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ದೂರುಗಳನ್ನ ಸೇರಿಸಿ ಹೇಳ್ತಾ ಇದ್ದೆವು. ಅವನ್ನ ಬಿಡಿಸಿ ನೋಡಿದಾಗ ಒಂದು ನಮ್ಮ ತಪ್ಪು, ಒಂದು ಯಾರ ತಪ್ಪೂ ಅಲ್ಲ, ಒಂದು ಮಾತ್ರ ನಿಜವಾಗಿ ಪುಸ್ತಕದ ತಪ್ಪು ಅಂತ ಗೊತ್ತಾಯ್ತು.

ಪುಸ್ತಕ ಯಾವುದು, ಬರೆದವರು ಯಾರು

ಪುಸ್ತಕ ‘ಕನ್ನಡಿಗರ ಕರ್ಮಕಥೆ’. ಬರೆದವರು ಗಳಗನಾಥರು. ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಕಾಲ 1869ರಿಂದ 1942. ವರದಾ ನದಿ ತುಂಗಭದ್ರೆಗೆ ಸೇರುವ ಜಾಗದಲ್ಲಿರುವ ಗಳಗನಾಥ ಅವರ ಊರು, ಅದು ಈಗಿನ ಹಾವೇರಿ ಜಿಲ್ಲೆಯಲ್ಲಿದೆ. ಶಾಲೆಯ ಮಾಸ್ತರಾಗಿದ್ದವರು. ಆಮೇಲೆ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಅನ್ನೋ ಮಾಸಪತ್ರಿಕೆಯನ್ನ ನಡೆಸಿದರು. ಪುಸ್ತಕ ಅಚ್ಚು ಹಾಕಿಸಿ ಗಂಟು ಕಟ್ಟಿ, ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು ಅನ್ನೋದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವವರೇ ಕಡಿಮೆ ಇದ್ದ ಕಾಲದಲ್ಲಿ ಓದುಗರನ್ನ ಹೀಗೆ ಒಬ್ಬೊಬ್ಬರಾಗಿ ಹುಟ್ಟಿಸಿದವರು ಅವರು. ಕನ್ನಡ ಕಾದಂಬರಿಯ ಪಿತಾಮಹ ಅಂತ ಅವರನ್ನ ಕರೆಯೋದು ಅದಕ್ಕೇ.

ಈ ಕಾದಂಬರಿ ಪೂರ್ತಿ ಅವರ ಸ್ವಂತ ಕಲ್ಪನೆ ಅಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆ ಬರೆದ ‘ವಜ್ರಾಘಾತ’ ಇದಕ್ಕೆ ಮೂಲ. ಆ ಕಾಲದಲ್ಲಿ ಅದು ಸಾಮಾನ್ಯ ದಾರಿ. ಹಳೇ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದರು, ಈ ಕಡೆಯವರು ಮರಾಠಿಯಿಂದ ತಂದರು.

ಈಗ ನಮ್ಮ ಮೊದಲ ತಪ್ಪು. ಪೋಸ್ಟರ್ ಮಾಡಿದವರು ನಾವೇ. “ಒಂದು ಸಾಮ್ರಾಜ್ಯ. ಒಂದು ರಹಸ್ಯ. ಒಂದು ರಾತ್ರಿ. ಕನ್ನಡದ ಹಿಸ್ಟಾರಿಕಲ್ ಮಿಸ್ಟರಿ ಥ್ರಿಲ್ಲರ್!” ಅಂತ ಬರೆದಿದ್ದೆವು. ಸಾಮ್ರಾಜ್ಯ ಇದೆ, ರಹಸ್ಯವೂ ಇದೆ. ಆ ‘ಒಂದು ರಾತ್ರಿ’ಯನ್ನ ಸುಮ್ಮನೆ ಲಯಕ್ಕೆ ಅಂತ ಸೇರಿಸಿದ್ದು. ಆಗ ನಾವಿನ್ನೂ ಪುಸ್ತಕ ಓದಿರಲಿಲ್ಲ.

ಕತೆ ಇಷ್ಟು

ವಿಜಯನಗರದ ಅಳಿಯ ರಾಮರಾಯ ಯುವಕನಾಗಿದ್ದಾಗ ಮೆಹರ್ಜಾನ ಅನ್ನೋ ಮುಸ್ಲಿಂ ಹುಡುಗಿಯನ್ನ ಪ್ರೀತಿಸುತ್ತಾನೆ. ಆಮೇಲೆ ಅಧಿಕಾರದ ದಾರಿ ಕಂಡಾಗ ಅವಳನ್ನ ಬಿಟ್ಟು ಹೋಗ್ತಾನೆ. ಅವಳಿಗೆ ಹುಟ್ಟಿದ ಮಗ ರಣಮಸ್ತಖಾನ. ವರ್ಷಗಳು ಕಳೆದ ಮೇಲೆ ಈ ಮಗ ವಿಜಾಪುರದ ಬಾದಶಹನ ವಕೀಲನಾಗಿ ಅದೇ ವಿಜಯನಗರಕ್ಕೆ ಬರ್ತಾನೆ. ಎದುರಿಗೆ ಕೂತವನು ತನ್ನ ಅಪ್ಪ ಅಂತ ಅವನಿಗೆ ಗೊತ್ತಿಲ್ಲ. ಎದುರಿಗೆ ನಿಂತವನು ತನ್ನ ಮಗ ಅಂತ ಇವನಿಗೂ ಗೊತ್ತಿಲ್ಲ. ಗೊತ್ತಿರೋದು ತಾಯಿಗೆ, ಮತ್ತೆ ಓದುವ ನಮಗೆ. ಕತೆ ಅಲ್ಲಿಂದ ತಾಳಿಕೋಟೆ ಯುದ್ಧದ ಕಡೆಗೆ ಹೋಗುತ್ತೆ. ಕೊನೆಗೆ ಏನಾಗುತ್ತೆ ಅಂತ ಇಲ್ಲಿ ಹೇಳೋದಿಲ್ಲ. ಓದುವವರು ಓದಲಿ.

ಎಂಥ ಕತೆ ನೋಡಿ! ಒಂದೇ ಉಸಿರಿನಲ್ಲಿ ಹೇಳಿದರೆ ಯಾರಾದರೂ “ಸಿನಿಮಾ ಮಾಡಬಹುದು” ಅಂತಾರೆ. ಹಾಗಾದರೆ ಎಂಟು ಜನ ಯಾಕೆ ಓಡಿಹೋದರು?

ಮೊದಲ ನಿಧಾನ: ನಮ್ಮದು

ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನಮಗೆ ಒಂದು ಸಬ್ಜೆಕ್ಟ್ ಆಗಿತ್ತು, ಅದರಲ್ಲಿ ಮಾರ್ಕ್ಸ್ ಚೆನ್ನಾಗೇ ಬರ್ತಿತ್ತು. ಹಾಗಾಗಿ ಓದೋಕೆ ಬರುತ್ತೆ ಅಂತ ನಂಬಿದ್ದೆವು. ಆಮೇಲೆ ಒಂದು ಶನಿವಾರ ಹಾಸ್ಟೆಲ್‌ನಲ್ಲಿ ಕೂತು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದೆವು. ಯಾರೂ ಯಾರ ಜೊತೆಗೂ ಮಾತಾಡದೆ ಒಂದೊಂದು ಗಂಟೆ ಓದೋದು, ಪುಟ ಎಣಿಸೋದು. ಮೂರು ಪುಸ್ತಕ ತಗೊಂಡೆವು: ಒಂದು ಇಂಗ್ಲಿಷ್ ಥ್ರಿಲ್ಲರ್, ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’, ಮತ್ತೆ ಈ ಕರ್ಮಕಥೆ.

ಮೂವರ ಸರಾಸರಿ ಹೀಗಿತ್ತು. ಇಂಗ್ಲಿಷ್ 40 ಪುಟ. ಜುಗಾರಿ ಕ್ರಾಸ್ 22. ಕರ್ಮಕಥೆ 12.

ಇದು ದೊಡ್ಡ ಪ್ರಯೋಗ ಏನಲ್ಲ, ಪುಟದ ಅಳತೆ, ಅಕ್ಷರದ ಗಾತ್ರ ಎಲ್ಲಾ ಬೇರೆ ಬೇರೆ. ಆದರೂ ಒಂದು ವಿಷಯ ಎದ್ದು ಕಾಣಿಸಿತು. ಜುಗಾರಿ ಕ್ರಾಸ್‌ನ ಯಾರೂ ನಿಧಾನ ಅನ್ನಲ್ಲ. ಅದರಲ್ಲೂ ನಾವು 40ರಿಂದ 22ಕ್ಕೆ ಇಳಿದಿದ್ದೆವು. ಅಂದರೆ ಆ ಇಳಿತ ಪುಸ್ತಕದ್ದಲ್ಲ, ನಮ್ಮ ಕಣ್ಣಿನದ್ದು. ಇಂಗ್ಲಿಷ್‌ನಲ್ಲಿ ಪದವನ್ನ ಒಂದು ಚಿತ್ರದ ಹಾಗೆ ಒಂದೇ ಸಲ ಹಿಡಿತೀವಿ. ಕನ್ನಡದಲ್ಲಿ ಇನ್ನೂ ಅಕ್ಷರ ಅಕ್ಷರ ಕೂಡಿಸಿಕೊಂಡು ಓದ್ತಾ ಇದ್ದೀವಿ. ಸಂಧಿಯಾಗಿ ಉದ್ದ ಆದ ಪದ ಬಂದರಂತೂ ತುಟಿ ಅಲ್ಲಾಡುತ್ತೆ.

ಅರ್ಥದ ಸಮಸ್ಯೆಯೂ ಇತ್ತು. ‘ವಕೀಲ’ ಅಂತ ಬಂದಾಗ ನಮ್ಮಲ್ಲೊಬ್ಬ ಇನ್ನೇನು ಕೋರ್ಟ್ ಸೀನ್ ಬರುತ್ತೆ ಅಂತ ಮೂವತ್ತು ಪುಟ ಕಾದ. ಆ ಕಾಲದಲ್ಲಿ ವಕೀಲ ಅಂದರೆ ಒಬ್ಬ ರಾಜನ ಪರವಾಗಿ ಇನ್ನೊಬ್ಬ ರಾಜನ ಹತ್ತಿರ ಹೋಗಿ ಇರುವ ರಾಯಭಾರಿ. ಇದು ಗೊತ್ತಿಲ್ಲದೆ ಓದಿದರೆ ಏನೂ ಆಗ್ತಾ ಇಲ್ಲ ಅನ್ನಿಸೋದು ಸಹಜ. ಆಗ್ತಾ ಇತ್ತು, ನಮಗೆ ಕಾಣಿಸ್ತಾ ಇರಲಿಲ್ಲ.

ಈ ಮೊದಲ ನಿಧಾನಕ್ಕೆ ಗಳಗನಾಥರನ್ನ ಬೈಯೋದು ಅನ್ಯಾಯ. ಜಿಮ್‌ಗೆ ಮೊದಲ ದಿನ ಹೋಗಿ ಡಂಬಲ್ ತುಂಬಾ ಭಾರ ಇದೆ ಅಂತ ಕಂಪನಿಗೆ ದೂರು ಕೊಟ್ಟ ಹಾಗಾಗುತ್ತೆ.

ಎರಡನೇ ನಿಧಾನ: ಕಣ್ಣಿಗೋ ಕಿವಿಗೋ

22ರಿಂದ 12ಕ್ಕೆ ಇಳಿದದ್ದು ಯಾಕೆ ಅನ್ನೋದು ಗೊತ್ತಾಗಿದ್ದು ದುಂಡಸಿಯಲ್ಲಿ. ಅದು ಶಿಗ್ಗಾಂವಿ ತಾಲೂಕಿನ ಊರು, ನಮ್ಮಲ್ಲೊಬ್ಬನ ಅಜ್ಜನ ಮನೆ ಅಲ್ಲಿದೆ. ಸೆಮ್ ರಜೆಯಲ್ಲಿ ಹುಬ್ಬಳ್ಳಿಯಿಂದ ತಡಸದ ಮೇಲೆ ಬಸ್ ಹಿಡಿದು ಮೂರು ದಿನಕ್ಕೆ ಅಂತ ಹೋದೆವು. ಬ್ಯಾಗಲ್ಲಿ ಪುಸ್ತಕ ಇತ್ತು, ಇನ್ನೂ ಅರ್ಧ ಬಾಕಿ ಇತ್ತು.

ಸಂಜೆ ಪಡಸಾಲೆಯಲ್ಲಿ ಮೂವರೂ ಒಂದೇ ಪುಸ್ತಕಕ್ಕೆ ತಲೆ ಹಾಕಿ ಕೂತಿದ್ದನ್ನ ಅಜ್ಜ ನೋಡಿದರು.

“ಏನ್ ಓದಾಕತ್ತೀರಪಾ?”

ಹೆಸರು ಹೇಳಿದೆವು. ಅಜ್ಜ ನಕ್ಕರು. ಅವರು ಸಣ್ಣವರಿದ್ದಾಗ ಅವರ ಅಪ್ಪ ಗಳಗನಾಥರ ಪುಸ್ತಕಗಳನ್ನ ರಾತ್ರಿ ಕಂದೀಲು ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರಂತೆ. ಮನೆಯವರು, ಓಣಿಯವರು ಕೂತು ಕೇಳೋರಂತೆ. “ಕೊಡ್ರಿಲ್ಲೆ” ಅಂತ ಪುಸ್ತಕ ಇಸಕೊಂಡು ಕನ್ನಡಕ ಹಾಕಿಕೊಂಡರು.

ಅಜ್ಜ ಓದಲು ಶುರು ಮಾಡಿದ ಮೇಲೆ ನಮಗೆ ಆಶ್ಚರ್ಯ ಆಯ್ತು. ನಾವು ಎರಡೆರಡು ಸಲ ಓದಿ ಬಿಟ್ಟಿದ್ದ ಉದ್ದುದ್ದ ವಾಕ್ಯಗಳು ಅವರ ಬಾಯಲ್ಲಿ ತಾವಾಗೇ ತುಂಡಾಗ್ತಿದ್ದವು. ಎಲ್ಲಿ ಉಸಿರು ತಗೋಬೇಕು ಅನ್ನೋದು ವಾಕ್ಯದ ಒಳಗೇ ಇತ್ತು. ವಾಚಕರೇ ಅಂತ ಲೇಖಕರು ನಡುವೆ ನಿಲ್ಲಿಸಿ ಮಾತಾಡಿಸುವ ಜಾಗ ನಮಗೆ ಯೂಟ್ಯೂಬ್ ಜಾಹೀರಾತಿನ ಹಾಗೆ ಕಿರಿಕಿರಿ ಆಗಿತ್ತು. ಅಲ್ಲಿ ಅಜ್ಜ ತಲೆ ಎತ್ತಿ ನಿಜವಾಗಿಯೂ ನಮ್ಮ ಮುಖ ನೋಡ್ತಿದ್ದರು. ಹಿಂದಿನ ಪ್ರಕರಣದಲ್ಲಿ ಏನಾಗಿತ್ತು ಅಂತ ಮತ್ತೆ ನೆನಪು ಮಾಡಿಕೊಡುವ ಸಾಲುಗಳು ನಿನ್ನೆ ಬಾರದೆ ಇವತ್ತು ಬಂದು ಕೂತವರಿಗೆ ಅಂತ ಆಗ ಹೊಳೀತು.

ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ತಾಯಿ ಮಗನ ಹತ್ತಿರ ಏನನ್ನೋ ಮುಚ್ಚಿಡುವ ಭಾಗ ಬಂದಾಗ ಬಡಿಯುವ ಸದ್ದು ನಿಂತಿತು.

“ಅವಗ ಇನ್ನೂ ಗೊತ್ತಾಗಿಲ್ಲೇನ್ರಿ?”

“ಇಲ್ಲ, ತಡಿ.”

“ಹೇಳಬಾರದೇನ್ರಿ ಆಕಿ? ಮುಂದ ದೊಡ್ಡ ಅನಾಹುತ ಆಕ್ಕೈತಿ.”

ಪುಸ್ತಕದ ಒಂದು ಅಕ್ಷರ ನೋಡದೆ, ನಡುವಿನಿಂದ ಕೇಳಿದ ಅಜ್ಜಿಗೆ ಅಷ್ಟು ಚಡಪಡಿಕೆ. ನಾವು ಮೊದಲಿನಿಂದ ಓದಿದವರು, ನಮಗೆ ನಿದ್ದೆ ಬಂದಿತ್ತು.

ಇಲ್ಲಿಗೇ ನಿಲ್ಲಿಸಿದರೆ “ಹಿರಿಯರಿಗೆ ಎಲ್ಲಾ ಗೊತ್ತು, ನಾವೇ ದಡ್ಡರು” ಅನ್ನೋ ನೀತಿಕತೆ ಆಗಿಬಿಡುತ್ತೆ. ಆದರೆ ಅಜ್ಜ ಆಮೇಲೆ ಇನ್ನೊಂದು ಕೆಲಸ ಮಾಡಿದರು. ಓದ್ತಾ ಓದ್ತಾ ಎರಡು ಪುಟ ಹಾಗೇ ಮಗುಚಿದರು. ಬಿಟ್ಟು ಹೋಯ್ತು ಅಂತ ನಾವು ತೋರಿಸಿದೆವು.

“ಬಿಟ್ಟು ಹೋಗಿಲ್ಲ, ಬಿಟ್ಟೀನಿ. ಇದು ಉಪದೇಶ. ನಮ್ಮಪ್ಪಾರೂ ಇಲ್ಲೆ ದಾಟಿ ಹೋಗತಿದ್ರು. ನೀವು ಇದನ್ನೆಲ್ಲಾ ಓದಿದ್ರೇನು?”

“ಹೌದ್ರೀ ಅಜ್ಜಾ.”

“ಅದಕ್ಕ ನಿದ್ದಿ ಬಂದೈತಿ.”

ಆ ರಾತ್ರಿ ಗಡಿಯಾರ ನೋಡಿದೆವು. ಅಜ್ಜ ಗಂಟೆಗೆ ಓದಿದ್ದು ಹೆಚ್ಚೂ ಕಡಿಮೆ 14 ಪುಟ. ನಮಗಿಂತ ಬರೀ ಎರಡು ಪುಟ ಜಾಸ್ತಿ. ಅಂದರೆ ಈ ಪುಸ್ತಕದ ವೇಗವೇ ಅದು. ಮಾತಿನ ವೇಗ. ಒಬ್ಬರು ಓದಿ ಹತ್ತು ಜನ ಕೇಳಲಿ ಅಂತ ಕಟ್ಟಿದ್ದನ್ನ ನಾವು ಒಬ್ಬೊಬ್ಬರೇ ಮೌನವಾಗಿ, ಪುಟ ಎಣಿಸಿಕೊಂಡು ಓದ್ತಾ ಇದ್ದೆವು. ಇದು ನಮ್ಮ ತಪ್ಪೂ ಅಲ್ಲ, ಲೇಖಕರ ತಪ್ಪೂ ಅಲ್ಲ. ಓದುವ ರೀತಿ ಬದಲಾಗಿದೆ ಅಷ್ಟೇ.

ಗುಟ್ಟು ಮೊದಲೇ ಹೇಳಿಬಿಟ್ಟರೆ

ಎಂಟು ಜನರಲ್ಲಿ ಐದು ಜನರ ದೂರು ಒಂದೇ: “ಮಗ ಯಾರು ಅಂತ ಮೊದಲೇ ಹೇಳಿಬಿಟ್ಟರು. ಇನ್ನೇನು ಮಿಸ್ಟರಿ?” ಇದಕ್ಕೆ ಉತ್ತರ ಅಜ್ಜಿಯ ಪ್ರಶ್ನೆಯಲ್ಲೇ ಇದೆ. ಆದರೆ ನಮ್ಮ ಭಾಷೆಯಲ್ಲಿ ಹೇಳ್ತೀವಿ.

ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೆನಪು ಮಾಡಿಕೊಳ್ಳಿ. ಪಕ್ಕದ ಟೇಬಲ್‌ನವನು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಪ್ಲಸ್ ಮೈನಸ್ ಉಲ್ಟಾ ಹಾಕಿದ್ದಾನೆ. ಯಾರೂ ನೋಡಿಲ್ಲ. ಪವರ್ ಆನ್ ಮಾಡ್ತಾನೆ. ಸ್ವಲ್ಪ ಹೊತ್ತಿಗೆ ಢಬ್ ಅಂತ ಸದ್ದು, ಹೊಗೆ, ವಾಸನೆ. ಎಲ್ಲರೂ ಬೆಚ್ಚಿಬೀಳ್ತೀವಿ. ಆ ಬೆಚ್ಚಿಬೀಳೋದು ಎರಡು ಸೆಕೆಂಡಿನದು. ಈಗ ಇನ್ನೊಂದು ರೀತಿ. ಅವನು ಉಲ್ಟಾ ಹಾಕಿದ್ದನ್ನ ನೀವು ನೋಡಿದ್ದೀರಿ, ಅವನಿಗೆ ಗೊತ್ತಿಲ್ಲ. ಮೇಡಂ ಪಕ್ಕದಲ್ಲೇ ನಿಂತಿದ್ದಾರೆ, ನೀವು ಕೂಗೋ ಹಾಗಿಲ್ಲ. ಅವನು ನಿಧಾನಕ್ಕೆ ರೀಡಿಂಗ್ ಟೇಬಲ್ ಬರೀತಾನೆ, ಪೆನ್ ಮುಚ್ಚುತ್ತಾನೆ, ಸ್ವಿಚ್ ಕಡೆ ಕೈ ಹೋಗುತ್ತೆ, ಮತ್ತೆ ವಾಪಸ್ ಬರುತ್ತೆ. ಈಗ ಅವನು ಎಷ್ಟು ನಿಧಾನ ಮಾಡಿದರೆ ನಿಮಗೆ ಅಷ್ಟು ಉಸಿರು ಕಟ್ಟುತ್ತೆ.

ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬ್ ಇಟ್ಟುಕೊಂಡು ಹೇಳುತ್ತಿದ್ದದ್ದು ಇದನ್ನೇ. ಬಾಂಬ್ ಇರೋದು ನೋಡುವವರಿಗೆ ಗೊತ್ತಿಲ್ಲದಿದ್ದರೆ ಸಿಗೋದು ಕೆಲವು ಸೆಕೆಂಡಿನ ಆಘಾತ, ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ಮೊದಲನೆಯದನ್ನ ನಿಗೂಢ ಅನ್ನೋಣ, ಎರಡನೆಯದನ್ನ ತಳಮಳ ಅನ್ನೋಣ. ಗುಟ್ಟನ್ನ ಓದುಗನಿಂದ ಮುಚ್ಚಿಟ್ಟರೆ ನಿಗೂಢ. ಪಾತ್ರದಿಂದ ಮುಚ್ಚಿಟ್ಟು ಓದುಗನಿಗೆ ಹೇಳಿದರೆ ತಳಮಳ.

ಈ ಎರಡನೇ ದಾರಿ ನಮ್ಮಲ್ಲಿ ಹೊಸದೇನಲ್ಲ. ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನ ಕೈಗೆ ರಾಕ್ಷಸ ಮಂತ್ರಿಯ ಮುದ್ರೆಯುಂಗುರ ಸಿಕ್ಕಿದ್ದು, ಅದನ್ನ ಒತ್ತಿ ಸುಳ್ಳು ಪತ್ರ ಮಾಡಿದ್ದು ನಮಗೆ ಮೊದಲ ಅಂಕದಲ್ಲೇ ಗೊತ್ತು. ಗೊತ್ತಿಲ್ಲದಿರೋದು ರಾಕ್ಷಸನಿಗೆ. ಬಲೆ ಹೇಗೆ ಬಿಗಿಯಾಗುತ್ತೆ ಅನ್ನೋದೇ ನಾಟಕ. ಇದೇ ಕತೆಯನ್ನ ಮೈಸೂರಿನ ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಅಂತ ಕನ್ನಡ ಗದ್ಯಕ್ಕೆ ತಂದ. ಕನ್ನಡ ಕಾದಂಬರಿಯ ಮುನ್ಸೂಚನೆ ಅಂತ ಅದನ್ನ ಹೇಳ್ತಾರೆ. ಅಂದರೆ ಕನ್ನಡದಲ್ಲಿ ಕಾದಂಬರಿ ಹುಟ್ಟೋ ಮೊದಲೇ ಹಿಸ್ಟಾರಿಕಲ್ ಥ್ರಿಲ್ಲರ್ ಇತ್ತು ಅಂತ ಜಂಬ ಕೊಚ್ಚಿಕೊಳ್ಳಬಹುದು.

ಆದ್ದರಿಂದ ಗುಟ್ಟು ಮೊದಲೇ ಹೇಳಿದ್ದು ಗಳಗನಾಥರ ತಪ್ಪಲ್ಲ. ನಮ್ಮ ಪೋಸ್ಟರ್ ‘ಮಿಸ್ಟರಿ’ ಅಂತ ಹೇಳಿದ್ದು ತಪ್ಪು. ಬಿರಿಯಾನಿ ಅಂತ ಬೋರ್ಡ್ ಹಾಕಿ ಒಳ್ಳೆಯ ಪುಳಿಯೋಗರೆ ಕೊಟ್ಟರೂ ಗಿರಾಕಿ ಬೈತಾನೆ.

ಮೂರನೇ ನಿಧಾನ: ಗಡಿಯಾರ ಎಲ್ಲಿ?

ಈಗ ಪುಸ್ತಕದ ನಿಜವಾದ ತಪ್ಪಿಗೆ ಬರೋಣ. ಕೆಪಾಸಿಟರ್ ಉದಾಹರಣೆಯನ್ನ ಮತ್ತೆ ನೋಡಿದರೆ ತಳಮಳಕ್ಕೆ ಮೂರು ಸಾಮಾನು ಬೇಕು. ನಮಗೆ ಗೊತ್ತಿರುವ ಅಪಾಯ. ಅದು ಗೊತ್ತಿಲ್ಲದ ಒಬ್ಬ ಮನುಷ್ಯ. ಮೂರನೆಯದು, ಸ್ವಿಚ್ ಕಡೆ ಹೋಗುತ್ತಿರುವ ಕೈ. ಅಂದರೆ ಗಡಿಯಾರ. ಇನ್ನೆಷ್ಟು ಹೊತ್ತು ಉಳಿದಿದೆ ಅನ್ನೋದು ಕಾಣಿಸಬೇಕು.

ಜುಗಾರಿ ಕ್ರಾಸ್‌ನಲ್ಲಿ ಗಡಿಯಾರ ಇದೆ. ಸುರೇಶ, ಗೌರಿ ಏಲಕ್ಕಿ ಮಾರಲು ಹೊರಟು ಒಂದು ಹಗಲು ಒಂದು ರಾತ್ರಿಯೊಳಗೆ ಎಲ್ಲಾ ನಡೆದುಹೋಗುತ್ತೆ. ಅದರೊಳಗೆ ಹಳೇ ಕಾವ್ಯದಲ್ಲಿ ಅಡಗಿದ ಗುಟ್ಟು, ಕೆಂಪು ಹರಳು, ಕಾಡು ಎಲ್ಲಾ ಇದ್ದರೂ ಕತೆ ತೂಕಡಿಸಲ್ಲ. ಅದು ಗಡಿಯಾರ ಓಡುವ ಪುಸ್ತಕ ಬಿಡಿ, ಸುಲಭ. ನಿಧಾನಕ್ಕೇ ಹೆಸರಾದ ಪುಸ್ತಕ ನೋಡೋಣ. ಇಟಲಿಯ ಉಂಬರ್ಟೋ ಎಕೋ 1980ರಲ್ಲಿ ಬರೆದ ‘ದ ನೇಮ್ ಆಫ್ ದ ರೋಸ್’ 1327ರ ಒಂದು ಮಠದಲ್ಲಿ ನಡೆಯುವ ಕೊಲೆಗಳ ಕತೆ. ಮೊದಲ ನೂರು ಪುಟ ಕಡಿಮೆ ಮಾಡಿ ಅಂತ ಸ್ನೇಹಿತರು, ಪ್ರಕಾಶಕರು ಹೇಳಿದರೂ ಎಕೋ ಒಪ್ಪಲಿಲ್ಲ. ಮಠ ಹತ್ತುವವನು ಮಠದ ಉಸಿರಾಟಕ್ಕೆ ಒಗ್ಗಿಕೊಳ್ಳಲಿ ಅನ್ನೋದು ಅವನ ವಾದ. ಆದರೆ ಅವನು ಒಂದು ಉಪಕಾರ ಮಾಡಿದ. ಇಡೀ ಪುಸ್ತಕವನ್ನ ಏಳು ದಿನಕ್ಕೆ ಕಟ್ಟಿ, ದಿನವನ್ನ ಪ್ರಾರ್ಥನೆಯ ಹೊತ್ತುಗಳಿಗೆ ಭಾಗ ಮಾಡಿದ. ಎಷ್ಟೇ ಲ್ಯಾಟಿನ್ ಚರ್ಚೆ ನಡೆದರೂ ಇವತ್ತು ಮೂರನೇ ದಿನ, ನಾಳೆ ಇನ್ನೊಂದು ಹೆಣ ಬೀಳಬಹುದು ಅಂತ ನಮಗೆ ಗೊತ್ತಿರುತ್ತೆ. ನಿಧಾನ ಇದೆ, ಗಡಿಯಾರವೂ ಇದೆ.

ಕರ್ಮಕಥೆಯ ದೊಡ್ಡ ಗಡಿಯಾರ ಯಾವುದು? ತಾಳಿಕೋಟೆ ಯುದ್ಧ, ಜನವರಿ 1565. ಹೈಸ್ಕೂಲ್ ಓದಿದ ಎಲ್ಲರಿಗೂ ಗೊತ್ತಿರೋ ತಾರೀಕು. ಯಾರು ಸೋಲ್ತಾರೆ, ಹಂಪಿ ಏನಾಗುತ್ತೆ ಅನ್ನೋದೂ ಗೊತ್ತು. ಇಂಥ ಗಡಿಯಾರ ಪುಕ್ಕಟೆ ಸಿಕ್ಕಿದ್ದರೂ ಓದುವಾಗ ನಮಗೆ ಅದರ ಟಿಕ್ ಟಿಕ್ ಕೇಳಿಸಲೇ ಇಲ್ಲ. ಈಗ ಯುದ್ಧಕ್ಕೆ ಹತ್ತು ವರ್ಷ ಇದೆಯಾ, ಹತ್ತು ದಿನ ಇದೆಯಾ? ಗೊತ್ತಾಗಲ್ಲ. ತೋಟದಲ್ಲಿ ಮಾತುಕತೆ, ಪಶ್ಚಾತ್ತಾಪ, ಧರ್ಮದ ವಿಚಾರ ಇವೆಲ್ಲಾ ಬಂದು ಹೋಗ್ತಾವೆ, ಕೈ ಸ್ವಿಚ್ ಹತ್ತಿರ ಬಂತಾ ಇಲ್ಲವಾ ತಿಳಿಯಲ್ಲ. ಅಪಾಯ ಇದೆ, ತಿಳಿಯದ ಮನುಷ್ಯ ಇದ್ದಾನೆ, ಮೂರನೇ ಸಾಮಾನು ಕೈಕೊಟ್ಟಿದೆ. ಕಂದೀಲಿನ ಬೆಳಕಲ್ಲಿ ಓದುವ ಅಜ್ಜನ ಅಪ್ಪನೂ ಪುಟ ದಾಟಿಸಿದರು ಅಂದಮೇಲೆ ಇದು ಇಂಗ್ಲಿಷ್ ಮೀಡಿಯಂನವರ ದೂರು ಮಾತ್ರ ಅಲ್ಲ.

ಇತಿಹಾಸದಲ್ಲಿ ಥ್ರಿಲ್ಲರ್ ಇತ್ತು

ಎರಡನೇ ದಿನ ನಾವು ಗಡಿಯಾರ ನಾವೇ ಮಾಡೋಣ ಅಂತ ಒಂದು ಕ್ಯಾಲೆಂಡರ್‌ನ ಹಿಂಬದಿಯಲ್ಲಿ ನಿಜವಾದ ಘಟನೆಗಳ ಪಟ್ಟಿ ಬರೆದೆವು. ಆಗ ನಿರಾಸೆ ಇನ್ನೂ ಜಾಸ್ತಿ ಆಯ್ತು. ಯಾಕಂದ್ರೆ ಇತಿಹಾಸವೇ ಕಾದಂಬರಿಗಿಂತ ಬಿಗಿಯಾಗಿತ್ತು.

1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ಸಿಂಹಾಸನದಲ್ಲಿ ಕೂತವನು ಸದಾಶಿವರಾಯ, ಅಧಿಕಾರ ಹಿಡಿದವನು ಕೃಷ್ಣದೇವರಾಯನ ಅಳಿಯ ರಾಮರಾಯ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. 1565ರಲ್ಲಿ ಎದುರು ಪಾಳಯದಲ್ಲಿ ನಿಂತವರಲ್ಲಿ ಅವನೂ ಒಬ್ಬ. ವಿಜಾಪುರದ ಅಲಿ ಆದಿಲ್‌ಶಾಹ, ರಾಮರಾಯನ ಮಗ ತೀರಿಕೊಂಡಾಗ ಸಮಾಧಾನ ಹೇಳಲು ತಾನೇ ವಿಜಯನಗರಕ್ಕೆ ಹೋಗಿದ್ದ, ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಸ್ವೀಕರಿಸಿದ್ದಳು ಅಂತ ಫೆರಿಷ್ತಾ ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಇಬ್ಬರೂ ಸೇರಿ ಅಹ್ಮದನಗರದ ಮೇಲೆ ದಂಡೆತ್ತಿ ಹೋಗಿದ್ದರು. ಆಮೇಲೆ ಲೆಕ್ಕ ಬದಲಾಯ್ತು. ಅಹ್ಮದನಗರದ ಹುಸೇನ್ ನಿಜಾಮ್‌ಶಾಹ ತನ್ನ ಮಗಳು ಚಾಂದಬೀಬಿಯನ್ನ ಅಲಿಗೆ ಮದುವೆ ಮಾಡಿಕೊಟ್ಟು, ಜೊತೆಗೆ ಸೊಲ್ಲಾಪುರ ಕೊಟ್ಟ. ಮದುವೆಯ ಹಿಂದೆಯೇ ಯುದ್ಧ. ಯುದ್ಧದಲ್ಲಿ ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ಸೇನಾನಾಯಕರು ತಿರುಗಿಬಿದ್ದರು ಅಂತ 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿಟ್ಟಿದ್ದಾನೆ.

ರಣಮಸ್ತಖಾನ ಅನ್ನೋ ಗುಪ್ತ ಮಗ ಇತಿಹಾಸದಲ್ಲಿ ಇಲ್ಲ, ಅವನು ಕಾದಂಬರಿಯ ಸೃಷ್ಟಿ. ಆದರೆ ಮಗ ಅಂತ ಕರೆಸಿಕೊಂಡವನು ಎದುರಿಗೆ ನಿಂತ ಕತೆ ಇತಿಹಾಸದಲ್ಲೇ ಇತ್ತು. ನಮಗೆ ಬೇಜಾರಾಗಿದ್ದು ಇಲ್ಲಿ. ಮೈತ್ರಿ, ಆಶ್ರಯ, ಮದುವೆ, ಕೋಟೆ, ಹಣ ಇವೆಲ್ಲಾ ಸೇರಿ ಇಪ್ಪತ್ತು ವರ್ಷ ಹೆಣೆದ ಬಲೆಯನ್ನ ಬಿಟ್ಟು, ಒಬ್ಬ ಹೆಂಗಸಿಗೆ ಆದ ಮೋಸದ ಶಾಪದಿಂದ ಸಾಮ್ರಾಜ್ಯ ಬಿತ್ತು ಅನ್ನೋ ಹಾಗೆ ಕಾದಂಬರಿ ಎಲ್ಲವನ್ನೂ ಒಂದು ಮನೆಯ ಕರ್ಮಕ್ಕೆ ಕಟ್ಟಿಬಿಡುತ್ತೆ. ಹೆಸರೇ ಕರ್ಮಕಥೆ. ಉಪದೇಶಕ್ಕೆ ಪು‍ಟಗಟ್ಟಲೆ ಜಾಗ ಸಿಕ್ಕಿದೆ, ರಾಜಕಾರಣಕ್ಕೆ ಸಿಕ್ಕಿಲ್ಲ. ಎಲ್ಲಿ ಅವಸರ ಮಾಡಬಾರದಿತ್ತೋ ಅಲ್ಲಿ ಅವಸರ, ಎಲ್ಲಿ ದಾಟಿ ಹೋಗಬೇಕಿತ್ತೋ ಅಲ್ಲಿ ನಿಧಾನ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಅಜ್ಜ ತಾಳಿಕೋಟೆ ಬಗ್ಗೆ ಹೇಳುವಾಗ ರಣಮಸ್ತಖಾನನ ಹೆಸರನ್ನ ಅಲಿ ಆದಿಲ್‌ಶಾಹನ ಪಕ್ಕದಲ್ಲೇ, ಇಬ್ಬರೂ ಒಂದೇ ರೀತಿ ನಿಜ ಅನ್ನೋ ಹಾಗೆ ಹೇಳ್ತಿದ್ದರು. ಅವರನ್ನ ತಿದ್ದಲು ನಮಗೆ ಬಾಯಿ ಬರಲಿಲ್ಲ. ಆಮೇಲೆ ಯೋಚಿಸಿದರೆ ನಾವೂ ಅಷ್ಟೇ, ಸಿನಿಮಾ ನೋಡಿ ಇತಿಹಾಸ ಕಲಿತವರು. ಒಳ್ಳೆಯ ಕತೆ ಕಿವಿಗೆ ಬಿದ್ದರೆ ಪಾಠಪುಸ್ತಕಕ್ಕಿಂತ ಗಟ್ಟಿಯಾಗಿ ಕೂರುತ್ತೆ. ಅದಕ್ಕೇ ಐತಿಹಾಸಿಕ ಕಾದಂಬರಿ ಓದುವಾಗ ಪಕ್ಕದಲ್ಲಿ ಒಂದು ತಾರೀಕಿನ ಪಟ್ಟಿ ಇರಬೇಕು. ಈಗಿನವರಲ್ಲಿ ಕೆ.ಎನ್. ಗಣೇಶಯ್ಯ ತಮ್ಮ ಇತಿಹಾಸದ ಥ್ರಿಲ್ಲರ್‌ಗಳಲ್ಲಿ ಆಧಾರಗಳನ್ನೂ ಚಿತ್ರಗಳನ್ನೂ ಕತೆಯ ಜೊತೆಗೇ ಕೊಡ್ತಾರೆ. ಓದುಗ ಹೋಗಿ ಪರೀಕ್ಷೆ ಮಾಡಬಹುದು.

ಮೂರನೇ ದಿನ ಬಂಕಾಪುರಕ್ಕೆ ಹೋದೆವು. ಅದೂ ಶಿಗ್ಗಾಂವಿ ತಾಲೂಕೇ. ಕೋಟೆಯೊಳಗೆ ನವಿಲು ಕೂಗುತ್ತಿದ್ದವು. ಅರವತ್ತು ಕಂಬದ ನಗರೇಶ್ವರ ಗುಡಿಯೊಳಗೆ ತಣ್ಣಗಿತ್ತು. ತಾಳಿಕೋಟೆ ಆಗಿ ಹತ್ತು ವರ್ಷದ ಸುಮಾರಿಗೆ ಅದೇ ಅಲಿ ಆದಿಲ್‌ಶಾಹನ ದಂಡು ಬಂದು ಈ ಕೋಟೆಯನ್ನ ಗೆದ್ದುಕೊಂಡಿತು. ಪುಸ್ತಕದಲ್ಲಿ ದೂರದ ವಿಷಯವಾಗಿದ್ದದ್ದು ದುಂಡಸಿಯ ಬಾಗಿಲವರೆಗೆ ಬಂದಿತ್ತು. ಕೋಟೆ ಗೋಡೆ ಮೇಲೆ ಕೂತು ಉಳಿದ ಒಂದು ಪ್ರಕರಣವನ್ನ ಸರದಿಯಂತೆ ಗಟ್ಟಿಯಾಗಿ ಓದಿ ಮುಗಿಸಿದೆವು. ಆ ಪ್ರಕರಣ ನಿಧಾನ ಅನ್ನಿಸಲಿಲ್ಲ.

ಓದುವವರಿಗೆ, ಸಂಘಕ್ಕೆ

ನಾವು ಕಲಿತದ್ದನ್ನ ಚಿಕ್ಕದಾಗಿ ಹೇಳ್ತೀವಿ.

1. ‘ನಿಧಾನ’ ಅನ್ನೋ ಮೊದಲು ನಿಮ್ಮ ವೇಗ ಅಳೆದುಕೊಳ್ಳಿ. ನಿಮಗೆ ಇಷ್ಟವಾದ ಈಗಿನ ಕನ್ನಡ ಪುಸ್ತಕದಲ್ಲಿ ಗಂಟೆಗೆ ಎಷ್ಟು ಪುಟ ಅಂತ ನೋಡಿ. ವ್ಯತ್ಯಾಸ ಅಲ್ಲಿಂದ ಶುರು ಮಾಡಿ, ಇಂಗ್ಲಿಷ್‌ನಿಂದ ಅಲ್ಲ.

2. ಹಳೆಯ ಕಾದಂಬರಿಯ ಮೊದಲ ಎರಡು ಪ್ರಕರಣಗಳನ್ನ ಗಟ್ಟಿಯಾಗಿ ಓದಿ, ಇಲ್ಲಾ ಯಾರಿಂದಲಾದರೂ ಓದಿಸಿ ಕೇಳಿ.

3. ಗುಟ್ಟು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ಒಂದು ಸಣ್ಣ ಪಟ್ಟಿ ಮಾಡಿ. ನಿಗೂಢವೋ ತಳಮಳವೋ ಅಂತ ಹತ್ತು ಪುಟದೊಳಗೆ ಗೊತ್ತಾಗುತ್ತೆ.

4. ಗಡಿಯಾರ ಹುಡುಕಿ. ಪುಸ್ತಕದಲ್ಲಿ ಇಲ್ಲದಿದ್ದರೆ ಇತಿಹಾಸದಿಂದ ತಂದು ಪಕ್ಕದಲ್ಲಿಟ್ಟುಕೊಳ್ಳಿ.

5. ಉಪದೇಶ ಬಂದರೆ ದಾಟಿ ಹೋಗಿ. ದುಂಡಸಿಯಲ್ಲಿ ಎರಡು ತಲೆಮಾರಿನಿಂದ ಹಾಗೇ ಮಾಡಿದ್ದಾರೆ.

ಇನ್ನು ಓಟಿನ ವಿಷಯ. ‘ಕನ್ನಡಿಗರ ಕರ್ಮಕಥೆ’ ಒಳ್ಳೆಯ ಥ್ರಿಲ್ಲರ್ ಅಂತ ನಾವು ಹೇಳಲ್ಲ. ಅಷ್ಟು ಒಳ್ಳೆಯ ಗುಟ್ಟು ಕೈಯಲ್ಲಿದ್ದೂ ಅದನ್ನ ಪೂರ್ತಿ ಬಳಸಿಕೊಳ್ಳದ ಪುಸ್ತಕ ಅದು. ಆದರೆ ಎಂಟು ಜನ ಬಿಟ್ಟು ಹೋಗುವಷ್ಟು ಕೆಟ್ಟದ್ದೂ ಅಲ್ಲ. ಬಿಟ್ಟು ಹೋದದ್ದಕ್ಕೆ ಅರ್ಧ ಕಾರಣ ನಮ್ಮ ಪೋಸ್ಟರ್, ಕಾಲು ಕಾರಣ ನಮ್ಮ ಓದು, ಉಳಿದ ಕಾಲು ಮಾತ್ರ ಪುಸ್ತಕ. ಇಂಗ್ಲಿಷ್ ಥ್ರಿಲ್ಲರ್ ಓದೋಕೆ ಸಂಘ ಬೇಕಾಗಿಲ್ಲ, ಅದನ್ನ ನಾವು ಒಬ್ಬೊಬ್ಬರೇ ಓದ್ತೀವಿ. ಕನ್ನಡದ ಹಳೆಯ ಪುಸ್ತಕಕ್ಕೆ ಮಾತ್ರ ಪಕ್ಕದಲ್ಲಿ ಜನ ಬೇಕು. ಹಾಗಾಗಿ ನಮ್ಮ ಮೂರು ಓಟು ಮುಂದುವರಿಸೋಣ ಅನ್ನೋ ಕಡೆಗೆ.

ಕಳೆದ ವಾರ ಮತ್ತೆ ಸ್ಟಾಪ್‌ವಾಚ್ ಇಟ್ಟೆವು. ಅದೇ ಪುಸ್ತಕ, ಬೇರೆ ಪ್ರಕರಣ, ಮೌನವಾಗಿ ಓದಿದ್ದು. ಗಂಟೆಗೆ 17 ಪುಟ ಬಂತು. ಮುಂದಿನ ಸಲದ ಪೋಸ್ಟರ್‌ನಲ್ಲಿ ‘ಮಿಸ್ಟರಿ’ ಅಂತ ಬರೆಯಲ್ಲ. ಪುಸ್ತಕ ಓದಿದ ಮೇಲೇ ಪೋಸ್ಟರ್ ಮಾಡ್ತೀವಿ.